ಒಂಬತ್ತು ಗೇಣಿನ ಮನೆ

ತೂಬಿನ ಹಿಡಿಯನ್ನು ಯಾರ ಕೈಗೆ ಕೊಡಬೇಕು ಎಂಬ ವಿಷಯದಲ್ಲಿ ಆ ಜೌಗಿನ ಜನ ಹೆಚ್ಚು ತಲೆ ಕೆಡಿಸಿಕೊಂಡವರಲ್ಲ. ಊರಿನಲ್ಲಿ ಎಲ್ಲಕ್ಕಿಂತ ತಗ್ಗಿನಲ್ಲಿರುವ ಮನೆ ಯಾವುದೋ ಹಿಡಿ ಆ ಮನೆಯದು, ಅಷ್ಟೇ. ಓದು ಬರಹ ಬರುತ್ತದೆಯೇ, ತೋಳಿನಲ್ಲಿ ಬಲವಿದೆಯೇ, ಗಂಡಸೋ ಹೆಂಗಸೋ ಎಂದು ಯಾರೂ ಕೇಳುವುದಿಲ್ಲ. ತೂಬು ಮುಚ್ಚುವುದನ್ನು ಮರೆತರೆ ಮೊದಲು ಯಾರ ಪಾದ ಒದ್ದೆಯಾಗುತ್ತದೋ ಅವರು ಮರೆಯುವುದಿಲ್ಲ ಎಂಬುದು ಅವರ ಲೆಕ್ಕ. ಸಮುದ್ರದ ನೀರು ದಿನಕ್ಕೆರಡು ಸಲ ಏರಿ ಬಂದು ಎರಡು ಸಲ ಇಳಿದು ಹೋಗುವ ಜಾಗದಲ್ಲಿ ಮೂರು ತಲೆಮಾರು ಆ ಲೆಕ್ಕವನ್ನು ನಂಬಿಕೊಂಡು ಬದುಕಿದ್ದರು.

ಈಗ ಹಿಡಿ ಇದ್ದದ್ದು ತೂಬಕ್ಕನ ಮನೆಯಲ್ಲಿ. ಹುಟ್ಟಿದಾಗ ಇಟ್ಟ ಹೆಸರು ಬೇರೆ ಇತ್ತು. ಅದು ಸರ್ಕಾರದ ಕಾಗದಗಳಲ್ಲಿ ಬೆಚ್ಚಗೆ ಮಲಗಿತ್ತು, ಕರೆಯುವವರು ಯಾರೂ ಇರಲಿಲ್ಲ. ವಯಸ್ಸು ಐವತ್ತೈದು. ಗಂಡ ತೀರಿಕೊಂಡು ಹದಿನಾಲ್ಕು ವರ್ಷ, ಮಕ್ಕಳಿಲ್ಲ, ನಾಲಿಗೆ ಸ್ವಲ್ಪ ಹರಿತ. ಮೊಣಕೈಯುದ್ದದ ಆ ಕಬ್ಬಿಣದ ಹಿಡಿ ಬಾಗಿಲ ಹಿಂದಿನ ಮೊಳೆಗೆ ತೂಗುತ್ತಿತ್ತು. ಇಳಿತಕ್ಕೆ ಹೋಗಿ ತೂಬಿನ ಚಕ್ರಕ್ಕೆ ಹಿಡಿ ಸಿಕ್ಕಿಸಿ ತಿರುಗಿಸಿ ಹಲಗೆ ಎತ್ತುವುದು, ಕೇರಿಯಲ್ಲಿ ನಿಂತ ನೀರನ್ನು ಹೊರಗೆ ಬಿಡುವುದು, ಉಬ್ಬರ ಶುರುವಾಗುವ ಮೊದಲೇ ಹಲಗೆ ಇಳಿಸಿ ಬರುವುದು, ಇಷ್ಟೇ ಕೆಲಸ. ಜ್ವರ ಬಂದಾಗಲೂ ತಪ್ಪಿಸಿದವಳಲ್ಲ. ಬೆಳಗ್ಗೆ ಮಂಚದಿಂದ ಇಳಿಯುವಾಗ ಮೊದಲು ಕಾಲಿನ ಹೆಬ್ಬೆರಳಿನಿಂದ ನೆಲ ಮುಟ್ಟಿ ನೋಡುವುದು, ಒಣಗಿದ್ದರೆ ಮಾತ್ರ ಪಾದ ಊರುವುದು ಅವಳ ಅಭ್ಯಾಸ. ಅವಳ ಅಪ್ಪನೂ ಹಾಗೇ ಇಳಿಯುತ್ತಿದ್ದ.

ಹೊರಗಿನಿಂದ ಬಂದವರಿಗೆ ಆ ಊರು ತಲೆಕೆಳಗಾಗಿ ಕಾಣುತ್ತದೆ. ನದಿಯ ಹತ್ತಿರ ತಗ್ಗು, ದೂರ ಹೋದಷ್ಟೂ ಎತ್ತರ ಎಂದು ಯಾರಾದರೂ ಅಂದುಕೊಳ್ಳುತ್ತಾರೆ. ಇಲ್ಲಿ ಉಲ್ಟಾ. ಸಮುದ್ರ ಸೇರುವ ಮೊದಲು ನದಿ ಸೋಮಾರಿಯಾಗುತ್ತದೆ. ಉಕ್ಕಿದಾಗಲೆಲ್ಲ ಹೊತ್ತು ತಂದ ಮಣ್ಣನ್ನು ತನ್ನ ದಂಡೆಯ ಮೇಲೇ ಸುರಿದುಬಿಡುತ್ತದೆ, ಅದರಾಚೆಗೆ ಹೋಗುವುದು ಬರೀ ನೀರು. ಎಷ್ಟೋ ಕಾಲ ಹೀಗೆ ಸುರಿದು ಸುರಿದು ದಂಡೆ ಎದ್ದು ನಿಂತಿದೆ, ಅದರ ಹಿಂದಿನ ಬಯಲು ತಟ್ಟೆಯ ನಡುವಿನಂತೆ ತಗ್ಗಾಗಿದೆ. ಆ ತಟ್ಟೆಯ ಇನ್ನೊಂದು ಅಂಚಿನಲ್ಲಿ ಸಮುದ್ರದಿಂದ ಬರುವ ಉಪ್ಪುಕಾಲುವೆ. ಊರು ಇವೆರಡರ ಮಧ್ಯೆ.

ಮೊದಲು ಬಂದವರು ಮೀನು ಹಿಡಿಯುವವರು, ದಂಡೆ ಹಿಡಿದರು. ಆಮೇಲೆ ಜೊಂಡು ಕೊಯ್ಯುವವರು ಬಂದು ಮಿಕ್ಕ ದಂಡೆಯನ್ನು ಹಂಚಿಕೊಂಡರು. ಕೊನೆಗೆ, ಎಲ್ಲ ಮುಗಿದ ಮೇಲೆ, ಎಲ್ಲಿಂದಲೋ ನೆಲೆ ತಪ್ಪಿ ಬಂದ ಒಂದಷ್ಟು ಸಂಸಾರಗಳ ಜೊತೆ ತೂಬಕ್ಕನ ಅಜ್ಜಿ ಬಂದಳು. ಒಂದು ಸೋರುವ ದೋಣಿ, ಕಂಕುಳಲ್ಲಿ ಒಂದು ಮಗು, ಕೈಯಲ್ಲಿ ಒಂದು. ದಂಡೆಯ ಮೇಲೆ ಬಲೆ ಒಣಗಿಸುವ ಉದ್ದನೆಯ ಜಾಗ ಖಾಲಿ ಬಿದ್ದಿತ್ತು. ಅಲ್ಲೊಂದು ಗುಡಿಸಲು ಹಾಕಿಕೊಳ್ಳುತ್ತೇನೆ ಎಂದು ಕೇಳಿದಳು. "ಬಲೆ ಎಲ್ಲಿ ಒಣಗಿಸೋದು?" ಎಂದರು ದಂಡೆಯವರು. ಅಜ್ಜಿ ಎರಡನೇ ಸಲ ಕೇಳಲಿಲ್ಲ. ಹಿಂದಿನ ತಗ್ಗಿಗೆ ಹೋಗಿ ದೋಣಿಯನ್ನೇ ಬೋರಲು ಹಾಕಿ ಅದರಡಿಯಲ್ಲಿ ಸಂಸಾರ ಹೂಡಿದಳು. ಜೊತೆಗೆ ಬಂದವರೆಲ್ಲ ಸುತ್ತ ಕೂತರು. ಉಪ್ಪುಕಾಲುವೆಗೆ ಅಡ್ಡ ಮಣ್ಣಿನ ಏರಿ ಹಾಕಿದರು, ತೂಬು ಇಟ್ಟರು. ಎಲ್ಲರಿಗಿಂತ ತಗ್ಗಿನಲ್ಲಿದ್ದದ್ದು ಅಜ್ಜಿಯ ದೋಣಿ. ಹಿಡಿ ಅವಳಿಗೆ ಬಂತು. ಅಲ್ಲಿಂದ ಮುಂದೆ ಊರು ಎರಡಾಯಿತು: ದಂಡೆಕೇರಿ, ಹಿಂಗೇರಿ.

ಅದಾದ ಕೆಲವೇ ವರ್ಷಕ್ಕೆ ದೊಡ್ಡ ನೀರು ಬಂತು. ನದಿಯೂ ಸಮುದ್ರವೂ ಮಾತಾಡಿಕೊಂಡವರಂತೆ ಒಂದೇ ದಿನ ಏರಿದವು. ಹಿಂಗೇರಿಯ ಅಷ್ಟೂ ಜನರನ್ನು ದಂಡೆಕೇರಿಯವರು ದೋಣಿಯಲ್ಲಿ ಎತ್ತಿ ತಂದು ತಮ್ಮ ಅಟ್ಟಗಳ ಮೇಲೆ ಮೂರು ದಿನ ಇಟ್ಟುಕೊಂಡರು, ತಮ್ಮ ಅನ್ನವನ್ನೇ ಹಂಚಿಕೊಂಡು ಉಂಡರು. ಅದನ್ನು ಹಿಂಗೇರಿ ಮರೆಯಲಿಲ್ಲ. ಬಲೆ ಒಣಗಿಸುವ ಜಾಗದ ಮಾತನ್ನೂ ಮರೆಯಲಿಲ್ಲ. ಎರಡನ್ನೂ ಒಂದೇ ಹೊಟ್ಟೆಯಲ್ಲಿ ಇಟ್ಟುಕೊಂಡು ಬಂದರು.

ನೀರು ಇಳಿದ ಮೇಲೆ ಪ್ರತಿ ಮನೆಯವರೂ ಬಾಗಿಲ ಕಂಬದ ಮೇಲೆ ಅದು ನಿಂತಿದ್ದ ಮಟ್ಟಕ್ಕೆ ಒಂದು ಗೆರೆ ಕೊರೆದರು. ಆ ಗೆರೆಯಿಂದ ಕೆಳಕ್ಕೆ ನೆಲದವರೆಗೆ ಎಷ್ಟು ಗೇಣೋ ಅದೇ ಆ ಮನೆಯ ಮಟ್ಟ. ದಂಡೆಯ ಮನೆಗಳಲ್ಲಿ ಗೆರೆ ಮೊಣಕಾಲಿಗೆ ಬರುತ್ತದೆ, ಎರಡು ಗೇಣು. ತೂಬಕ್ಕನ ಮನೆಯಲ್ಲಿ ಬಾಗಿಲ ಮೇಲಿನ ಅಡ್ಡಪಟ್ಟಿಯ ಹತ್ತಿರ, ಒಂಬತ್ತು ಗೇಣು. ಆಮೇಲೆ ಕಟ್ಟಿದ ಮನೆಗಳಿಗೂ ಪಕ್ಕದ ಮನೆಯ ಗೆರೆಯಿಂದ ಮಟ್ಟ ಹಿಡಿದು ಗೆರೆ ಕೊರೆಯುತ್ತಾರೆ. ಹೆಣ್ಣು ನೋಡಲು ಹೋದವರೂ "ನಿಮ್ಮದೆಷ್ಟು ಗೇಣು?" ಎಂದು ಕೇಳುತ್ತಾರೆ. ಗೇಣು ಕಡಿಮೆಯಾದಷ್ಟೂ ಮರ್ಯಾದೆ ಜಾಸ್ತಿ. ತೂಬಕ್ಕನ ಅಣ್ಣ, ದೋಣಿ ಕಟ್ಟುವ ಬಡಗಿ, ಅಜ್ಜಿಯ ಮನೆಯನ್ನು ತಂಗಿಗೆ ಬಿಟ್ಟು ಪಕ್ಕದಲ್ಲೇ ಒಂದು ಗೇಣು ಎತ್ತರಿಸಿದ ಅಡಿಪಾಯದ ಮೇಲೆ ತನ್ನ ಮನೆ ಕಟ್ಟಿಕೊಂಡಿದ್ದ. "ನನ್ನದು ಎಂಟು" ಎಂದು ಹೇಳುವಾಗ ಅವನ ಎದೆ ಎರಡು ಅಂಗುಲ ಮುಂದೆ ಬರುತ್ತಿತ್ತು.

ಇಷ್ಟು ಗೊತ್ತಿದ್ದರೆ ಮಿಕ್ಕದ್ದು ಸುಲಭ.

ಹೋದ ವರ್ಷ ಸರ್ಕಾರದಿಂದ ಸರ್ವೆಯವನೊಬ್ಬ ಬಂದ. ಸಮುದ್ರ ವರ್ಷಕ್ಕಿಷ್ಟು ಏರುತ್ತಿದೆ, ಇಡೀ ಊರನ್ನು ಕಾಯಲಾಗುವುದಿಲ್ಲ, ಎತ್ತರದ ಭಾಗಕ್ಕೆ ಸುತ್ತ ಹೊಸ ಏರಿ ಕಟ್ಟಿ ತಗ್ಗಿನ ಭಾಗವನ್ನು ನೀರಿಗೆ ಬಿಡುವುದು, ಅಲ್ಲಿನವರಿಗೆ ಒಳನಾಡಿನ ಬಯಲಿನಲ್ಲಿ ಜಾಗ ಕೊಡುವುದು ಎಂದು ಹೇಳಿದ. ಒಳ್ಳೆಯವನೇ, ಪಾಪ. ಅಳತೆಯ ಮುಕ್ಕಾಲಿಯನ್ನು ಹಿಂಗೇರಿಯಲ್ಲಿ ನಿಲ್ಲಿಸಿದರೆ ಅದರ ಕಾಲುಗಳು ಕೆಸರಿನಲ್ಲಿ ಒಂದೊಂದು ಒಂದೊಂದು ಕಡೆಗೆ ಇಳಿಯುತ್ತಿದ್ದವು. ಎರಡನೆಯ ದಿನ ಅವನ ಎಡಗಾಲಿನ ಬೂಟು ಕೆಸರಿನಲ್ಲೇ ಉಳಿದು ಕಾಲು ಮಾತ್ರ ಮೇಲೆ ಬಂತು. ಅವತ್ತಿನಿಂದ ಅವನು ಬೂಟಿನವನು. ಮೂರನೆಯ ದಿನ ಬೆಳಗ್ಗೆ ಒಂದೇ ಕಾಲಿಗೆ ಬೂಟು ಹಾಕಿಕೊಂಡು ತೂಬಿನ ಕಟ್ಟೆಯ ಮೇಲೆ ಕೂತವನು, ಇಳಿತಕ್ಕೆ ದೋಣಿ ಹೊರಡುತ್ತದೆ ಎಂದು ಗಡಿಯಾರ ನೋಡುತ್ತಾ ಕೇಳಿದ:

"ಅಕ್ಕ, ಇಲ್ಲಿ ಪ್ರತಿ ಮನೆಗೂ ಮಟ್ಟ ಅಂತ ಇದೆಯಂತಲ್ಲ. ಎಲ್ಲಾ ಮನೆಗೂ ಹೋಗೋಕೆ ಹೊತ್ತಿಲ್ಲ. ನಿಮಗೆ ಗೊತ್ತಾ?"

ಗೊತ್ತಾ ಎಂದರೆ? ತೂಬಕ್ಕನಿಗೆ ನಗು ಬಂತು. ಎಪ್ಪತ್ತೊಂದು ಮನೆ, ಎಲ್ಲವೂ ಬಾಯಿಪಾಠ. ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತು, ಶಾಲೆಯ ಮಗ್ಗಿ ಒಪ್ಪಿಸಿದಂತೆ ದಂಡೆಕೇರಿಯ ತುದಿಯಿಂದ ಶುರು ಮಾಡಿದಳು: "ಬಲೆಯಜ್ಜಿ ಮನೆ ಎರಡು, ಅದರ ಪಕ್ಕದ್ದು ಎರಡು, ಜೊಂಡಿನವರದ್ದು ಮೂರು..." ಕೊನೆಗೆ, "ಅಣ್ಣಂದು ಎಂಟು, ನಂದು ಒಂಬತ್ತು." ಬೂಟಿನವನು ಸರಸರ ಬರೆದುಕೊಂಡ. ಮೇಲಿಂದ ಕೆಳಕ್ಕೆ ಎಂದು ಅವಳು ಹೇಳಲಿಲ್ಲ, ಕೆಳಗಿಂದ ಮೇಲಕ್ಕೋ ಎಂದು ಅವನು ಕೇಳಲಿಲ್ಲ. ಮಟ್ಟವನ್ನು ಸಮುದ್ರದಿಂದ ಮೇಲಕ್ಕೆ ಎಣಿಸುವವರು ಲೋಕದಲ್ಲಿ ಇದ್ದಾರೆ ಎಂಬುದೇ ತೂಬಕ್ಕನಿಗೆ ಹೊಳೆದಿರಲಿಲ್ಲ. "ಒಂದೂ ತಡವರಿಸಲಿಲ್ಲ ನೀವು" ಎಂದು ಅವನು ಹೊಗಳಿದಾಗ ಉಬ್ಬಿಹೋದಳು.

ಎಂಟು ತಿಂಗಳಾದ ಮೇಲೆ ನಕ್ಷೆ ಬಂತು. ಶಾಲೆಯ ಗೋಡೆಗೆ ತೂಗುಹಾಕಿದರು. ಹಿಂಗೇರಿಗೆ ಹಸಿರು ಬಣ್ಣ, ಸುತ್ತ ಹೊಸ ಏರಿ. ದಂಡೆಕೇರಿಗೆ ಕೆಂಪು, ಅವರು ಬಯಲಿಗೆ ಹೋಗಬೇಕು. ತಕರಾರಿದ್ದರೆ ಹದಿನೈದು ದಿನದೊಳಗೆ, ಇಂಜಿನಿಯರು ಬಂದ ದಿನ ಹೇಳಬಹುದು ಎಂದು ಕೆಳಗೆ ಬರೆದಿತ್ತು.

ಎರಡು ಕೇರಿಯವರೂ ಅದಕ್ಕೆ ತಮತಮಗೆ ತೋಚಿದ ಅರ್ಥ ಕಟ್ಟಿಕೊಂಡರು. ನದಿಗೆ ಅಂಟಿಕೊಂಡಿದ್ದೇವಲ್ಲ, ಅದಕ್ಕೇ ನಮ್ಮನ್ನು ಎಬ್ಬಿಸುತ್ತಿದ್ದಾರೆ ಎಂದು ದಂಡೆಯವರು ತಲೆ ಮೇಲೆ ಕೈ ಹೊತ್ತು ಕೂತರು. ಸರ್ಕಾರವೇ ಏರಿ ಕಟ್ಟಿಕೊಡುವಾಗ ತಗ್ಗಾದರೇನು, ಕೊನೆಗೂ ನಮ್ಮ ಕಡೆ ಒಬ್ಬರು ಕಣ್ಣು ಬಿಟ್ಟರಲ್ಲ ಎಂದು ಹಿಂಗೇರಿಯವರು ಹಿಗ್ಗಿದರು. ಅಣ್ಣನಂತೂ ಮಾರನೆಯ ದಿನವೇ ಮಗಳು ಅಳಿಯನಿಗೆಂದು ಹಿತ್ತಲಿನಲ್ಲಿ ಒಂದು ಕೋಣೆಗೆ ಗೋಡೆ ಎಬ್ಬಿಸಲು ಶುರು ಮಾಡಿದ.

ತೂಬಕ್ಕ ನಕ್ಷೆ ನೋಡಲು ಹೋದದ್ದು ನಾಲ್ಕು ದಿನ ಬಿಟ್ಟು, ಇಳಿತಕ್ಕೂ ಉಬ್ಬರಕ್ಕೂ ನಡುವೆ ಬಿಡುವು ಸಿಕ್ಕಾಗ. ತನ್ನ ಮನೆ ಎಲ್ಲಿದೆಯೆಂದು ಬೆರಳಿಟ್ಟು ಹುಡುಕಿದಳು. ಚಿಕ್ಕ ಚೌಕದೊಳಗೆ ೯ ಎಂದಿತ್ತು. ದಂಡೆಯ ಚೌಕಗಳಲ್ಲಿ ೨, ೨, ೩. ಹೊಸ ಏರಿಯ ಗೆರೆಯ ಮೇಲೆ ಅದರ ಎತ್ತರ ಬರೆದಿತ್ತು: ನೆಲದಿಂದ ಎರಡೂವರೆ ಅಡಿ. ಮನಸ್ಸಿನಲ್ಲೇ ಗೇಣಿಗೆ ಇಳಿಸಿದಳು. ಮೂರು ಗೇಣು, ಮೇಲೆ ಒಂದಿಷ್ಟು ಚಿಲ್ಲರೆ.

ಒಂಬತ್ತು ಗೇಣು ಮುಳುಗುವ ಮನೆಗೆ ಮೂರು ಗೇಣಿನ ಏರಿ ಯಾಕೆ ಕಟ್ಟುತ್ತಾರೆ? ಆ ಮನೆ ಎಲ್ಲಕ್ಕಿಂತ ಎತ್ತರದಲ್ಲಿದೆ ಎಂದುಕೊಂಡವರು ಮಾತ್ರ ಕಟ್ಟುತ್ತಾರೆ. ತೂಬಿನ ಕಟ್ಟೆ, ಒಂದು ಬೂಟು, ತನ್ನ ಬಾಯಿಪಾಠ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. ಅವನು ಹೊಗಳಿದ್ದೂ ನೆನಪಾಗಿ ಕಿವಿ ಬಿಸಿಯಾಯಿತು. ಇನ್ನೊಂದು ದೊಡ್ಡ ನೀರು ಬಂದರೆ ಈ ಸಲ ಎತ್ತಿಕೊಂಡು ಹೋಗಲು ದಂಡೆಯಲ್ಲಿ ದೋಣಿಯೂ ಇರುವುದಿಲ್ಲ, ಅಟ್ಟವೂ ಇರುವುದಿಲ್ಲ.

ಅಣ್ಣನಿಗೆ ಹೇಳಿದಳು. ಅವನು ಹೊಸ ಕೋಣೆಯ ನೆಲಕ್ಕೆ ಹಾಕಿದ ಸಿಮೆಂಟನ್ನು ಮಂಡಿಯೂರಿ ನಯ ಮಾಡುತ್ತಿದ್ದ. ಕೈ ನಿಲ್ಲಿಸಲಿಲ್ಲ.

"ಸರಿ, ತಪ್ಪಾಗಿದೆ. ಈಗ ಏನು ಮಾಡ್ಬೇಕು ಅಂತೀಯ?"

"ಹೋಗಿ ಹೇಳ್ತೀನಿ."

"ಹೇಳಿದ್ರೆ ಬಣ್ಣ ಅದಲು ಬದಲಾಗುತ್ತೆ. ಆ ಕೆಂಪು ನಮ್ಮ ತಲೆ ಮೇಲೆ ಬರುತ್ತೆ. ಅಜ್ಜಿ ದೋಣಿ ಬೋರಲು ಹಾಕಿದ ಜಾಗ ಇದು ಕಣೇ. ಅಪ್ಪ ಮಣ್ಣು ಹೊತ್ತು ಹೊತ್ತು ಬೆನ್ನು ಬಾಗಿಸಿಕೊಂಡ ಜಾಗ. ಹೋಗು, ನೀರಿಗೆ ಕೊಟ್ಟು ಬಾ."

"ಕೊಡದಿದ್ರೆ ಅದೇ ಬಂದು ತಗೊಳ್ಳುತ್ತೆ, ಅಣ್ಣ. ನಿನ್ನ ಮೊಮ್ಮಕ್ಕಳು ಮಲಗಿರುವಾಗ ಬರುತ್ತೆ."

"ನೀನು ತೂಬು ಕಾಯ್ತಿದೀಯಲ್ಲ, ಕಾಯಿ. ಏರಿ ಬಂದಮೇಲೆ ಇನ್ನೊಂದು ಗೇಣು ನಾವೇ ಏರಿಸಿಕೊಳ್ಳೋಣ." ಆಗ ತಲೆ ಎತ್ತಿದ. ಅವನ ಕಣ್ಣಲ್ಲಿ ನೀರಿತ್ತು. "ಜೀವಮಾನದಲ್ಲಿ ಒಂದು ಸಲ ನಮ್ಮನ್ನ ಮೇಲೆ ಅಂದಿದಾರೆ. ಅದನ್ನೂ ಕಿತ್ಕೋಬೇಡ."

ತೂಬಕ್ಕ ಮನೆಗೆ ಬಂದಳು. ಅಣ್ಣನ ಮಾತು ಸುಳ್ಳಾಗಿರಲಿಲ್ಲ ನೋಡಿ, ಅದೇ ಕಷ್ಟ.

ಇಂಜಿನಿಯರು ಬರುವ ಹಿಂದಿನ ದಿನ ದಂಡೆಕೇರಿಗೆ ಹೋದಳು. ಬಲೆಯಜ್ಜಿಗೆ ಎಂಬತ್ತು ದಾಟಿತ್ತು, ತೂಬಕ್ಕನ ಅಪ್ಪನ ಓರಗೆಯವಳು. ದೊಡ್ಡ ನೀರಿನಲ್ಲಿ ತೂಬಕ್ಕನ ಅಜ್ಜಿಯ ಸಂಸಾರ ಬಂದಿಳಿದದ್ದು ಬಲೆಯಜ್ಜಿಯ ಅಪ್ಪನ ಅಟ್ಟಕ್ಕೇ. ಈಗ ಜಗಲಿಯ ಮೇಲೆ ಕೂತು ಬಲೆಗಳನ್ನು ಸುತ್ತಿ ಸುತ್ತಿ ಹಗ್ಗ ಬಿಗಿಯುತ್ತಿದ್ದಳು.

"ಬಾರೇ ತೂಬಿನವಳೇ. ಬಯಲಲ್ಲಿ ಮೀನು ಇರಲ್ವಂತೆ. ಈ ಬಲೆ ತಗೊಂಡು ಹೋಗಿ ಏನನ್ನ ಹಿಡೀಲಿ, ಇಲಿನಾ?"

ತೂಬಕ್ಕನಿಗೆ ನಗಲಾಗಲಿಲ್ಲ. ಪಕ್ಕದಲ್ಲಿ ಕೂತು ಬಲೆಯ ಒಂದು ತುದಿ ಹಿಡಿದುಕೊಂಡಳು.

"ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ ಕಣೆ," ಎಂದಳು ಬಲೆಯಜ್ಜಿ. "ನಿಮ್ಮಜ್ಜಿ ಕೇಳಿದಾಗ ಜಾಗ ಇಲ್ಲ ಅಂದಿದ್ದು ನಮ್ಮಪ್ಪ. ನಾನು ಪಕ್ಕದಲ್ಲೇ ನಿಂತಿದ್ದೆ. ನಿಮ್ಮಪ್ಪ ಅವಳ ಸೆರಗು ಹಿಡ್ಕೊಂಡು ನನ್ನನ್ನೇ ನೋಡ್ತಿದ್ದ. ನಮ್ಮನ್ನ ಎಬ್ಬಿಸ್ತಾರೆ ಅಂದಾಗ ಮೊದಲು ನೆನಪಾಗಿದ್ದು ಆ ಹುಡುಗನ ಮುಖ."

ಎದ್ದು ಬರುವಾಗ ತೂಬಕ್ಕನ ಕಣ್ಣಿಗೆ ಬಾಗಿಲ ಕಂಬದ ಗೆರೆ ಬಿತ್ತು. ಮೊಣಕಾಲಿನ ಹತ್ತಿರ, ಮಕ್ಕಳು ಕೈಯಾಡಿಸಿ ಆಡಿಸಿ ನುಣುಪಾಗಿತ್ತು. ಮನೆಗೆ ಬಂದವಳೇ ನಾಳೆಯ ಉಬ್ಬರ ಎಷ್ಟು ಹೊತ್ತಿಗೆ ಎಂದು ಲೆಕ್ಕ ಹಾಕಿದಳು. ನಡು ಮಧ್ಯಾಹ್ನ, ತಿಂಗಳ ದೊಡ್ಡ ಉಬ್ಬರ.

ಮಾರನೆಯ ದಿನ ಶಾಲೆಯಲ್ಲಿ ಮೇಜು ಹಾಕಿ ಕೂತಿದ್ದವಳು ಇಂಜಿನಿಯರಮ್ಮ. ಕನ್ನಡಕ, ಚುಟುಕು ಮಾತು, ಮುಂದೆ ದಪ್ಪ ಕಡತ. ಪಕ್ಕದಲ್ಲಿ ಬೂಟಿನವನು, ಈ ಸಲ ಎರಡೂ ಕಾಲಿಗೆ ಬೂಟು. ದಂಡೆಕೇರಿಯವರು ಒಬ್ಬೊಬ್ಬರೇ ಬಂದು, ನಮ್ಮದು ಎತ್ತರದ ಜಾಗ ಎಂದು ಹೇಳಿ ಹೋಗಿದ್ದರು. ತೂಬಕ್ಕ ಹೇಳಿದ್ದನ್ನು ಇಂಜಿನಿಯರಮ್ಮ ಪೂರ್ತಿ ಕೇಳಿದಳು, ಆದರೆ ತಲೆಗೆ ಹಾಕಿಕೊಂಡಂತೆ ಕಾಣಲಿಲ್ಲ.

"ಅಮ್ಮಾ, ನದಿ ಪಕ್ಕದಲ್ಲಿರೋರೆಲ್ಲ ತಮ್ಮದೇ ಎತ್ತರ ಅಂತಾರೆ. ನೀವು ಹಸಿರಲ್ಲಿ ಇದೀರ. ಅವರ ಪರವಾಗಿ ಮಾತಾಡೋಕೆ ನಿಮ್ಮನ್ನ ಯಾರಾದ್ರೂ ಕಳಿಸಿದ್ರಾ?"

"ನನ್ನನ್ನ ಯಾರೂ ಎಲ್ಲಿಗೂ ಕಳಿಸಲ್ಲ. ಆ ಅಂಕಿ ಹೇಳಿದ್ದು ನಾನೇ. ಇವರನ್ನೇ ಕೇಳಿ."

ಬೂಟಿನವನ ಮುಖ ಸಣ್ಣದಾಯಿತು. "ಹೇಳಿದ್ದು ಅವರೇ ಮೇಡಂ. ಆದ್ರೆ ನದಿಯಿಂದ ದೂರ ಹೋದಷ್ಟೂ ಅಂಕಿ ಹೆಚ್ಚಾಗ್ತಿತ್ತು. ಅದಕ್ಕೇ ಸರಿಯಾಗಿದೆ ಅಂದ್ಕೊಂಡೆ."

"ಮನೆಗೆ ಬಂದು ಗೆರೆ ನೋಡಿ. ಅಲ್ಲೇ ಒಂದು ಲೋಟ ಚಹಾನೂ ಕುಡೀಬಹುದು," ಎಂದಳು ತೂಬಕ್ಕ. ಇಂಜಿನಿಯರಮ್ಮ ಗಡಿಯಾರ ನೋಡಿ, ಕಡತ ಮುಚ್ಚಿ, ಎದ್ದಳು. ಅಷ್ಟು ಮಟ್ಟಿಗೆ ನ್ಯಾಯವಂತೆಯೇ.

ತೂಬಕ್ಕ ಬೆಳಗ್ಗೆಯೇ ಅಕ್ಕಿಯ ಡಬ್ಬ, ಹಾಸಿಗೆ, ಗಂಡನ ಫೋಟೋ ಎಲ್ಲವನ್ನೂ ಅಟ್ಟಕ್ಕೆ ಏರಿಸಿಟ್ಟಿದ್ದಳು. ಪಕ್ಕದ ಮನೆಯಿಂದ ನೋಡಿದ ಅತ್ತಿಗೆ, "ಏನೇ, ಸುಣ್ಣ ಹೊಡೆಸ್ತೀಯಾ?" ಎಂದು ಕೇಳಿದ್ದಕ್ಕೆ, "ಹೂಂ, ನೆಲ ತೊಳೀತೀನಿ" ಎಂದಿದ್ದಳು. ಖಾಲಿಯಾದ ನಡುಮನೆಯಲ್ಲಿ ಅತಿಥಿಗಳಿಗೆ ಎರಡು ಕುರ್ಚಿ, ಒಂದು ಸ್ಟೂಲು ಇತ್ತು. ಇಂಜಿನಿಯರಮ್ಮ ಬಾಗಿಲಲ್ಲಿ ನಿಂತು ತಲೆಯ ಮೇಲಿದ್ದ ಗೆರೆ ನೋಡಿದಳು, ಬೆರಳಿನಿಂದ ಮುಟ್ಟಿಯೂ ನೋಡಿದಳು.

"ಗೆರೆ ಹಳೇದು ಅನ್ಸುತ್ತೆ. ಆದ್ರೆ ಗೆರೆ ಯಾರು ಬೇಕಾದ್ರೂ ಎಲ್ಲಿ ಬೇಕಾದ್ರೂ ಕೊರೀಬಹುದು. ಇದನ್ನ ನಾನು ದಾಖಲೆ ಅಂತ ತಗೊಳ್ಳೋಕೆ ಆಗಲ್ಲ, ಅಮ್ಮ."

"ಆಗಲಿ ಬಿಡಿ," ಎಂದಳು ತೂಬಕ್ಕ. "ಚಹಾ ಆರುತ್ತೆ, ಕುಡೀತಿರಿ. ಈಗ ಬಂದೆ."

ಬಾಗಿಲ ಹಿಂದಿನ ಮೊಳೆಯಿಂದ ಹಿಡಿ ತೆಗೆದುಕೊಂಡು ಹಿತ್ತಲಿನಿಂದ ಹೊರಟಳು. ತೂಬಿಗೆ ನೂರಿಪ್ಪತ್ತು ಹೆಜ್ಜೆ. ಏರಿಯ ಆಚೆ ಉಪ್ಪುಕಾಲುವೆ ತುಂಬಿ, ನೀರು ಅವಳ ಎದೆಯ ಮಟ್ಟಕ್ಕಿತ್ತು. ಈಚೆ ಕೇರಿಯ ಕಾಲುವೆ ಅವಳ ಪಾದದ ಕೆಳಗೆ. ಚಕ್ರಕ್ಕೆ ಹಿಡಿ ಸಿಕ್ಕಿಸಿದಳು. ಉಬ್ಬರದಲ್ಲಿ ಹಲಗೆ ಎತ್ತಿದವರ ಕೈಯಿಂದ ಹಿಡಿ ಹೋಗುತ್ತದೆ, ಮತ್ತೆಂದೂ ಆ ಕೈಗೆ ಬರುವುದಿಲ್ಲ; ಇದು ಊರಿನ ಕಟ್ಟಳೆ. ಅಜ್ಜಿ ಎತ್ತಿರಲಿಲ್ಲ. ಅಪ್ಪ ಎತ್ತಿರಲಿಲ್ಲ. "ನನ್ನ ತಪ್ಪು ಹೊಟ್ಟೆಗೆ ಹಾಕ್ಕೋ ಅಜ್ಜಿ" ಎಂದು ಗಟ್ಟಿಯಾಗಿಯೇ ಹೇಳಿ, ಇಷ್ಟು ವರ್ಷ ಬೆಳಗ್ಗೆ ಸಂಜೆ ಮಾಡಿದ ಕೆಲಸವನ್ನೇ ಆ ಹೊತ್ತಿನಲ್ಲಿ ಮಾಡಿದಳು. ಒಂದು ಗೇಣು ಎತ್ತಿ ನಿಲ್ಲಿಸಿದಳು. ನೀರು ಮೊದಲು ಸದ್ದು ಮಾಡಿತು, ಆಮೇಲೆ ಬಂತು.

ಅವಳು ಹಿಂತಿರುಗಿದಾಗ ಇಂಜಿನಿಯರಮ್ಮನೂ ಬೂಟಿನವನೂ ಕುರ್ಚಿಯಲ್ಲೇ ಇದ್ದರು. ತೂಬಕ್ಕ ಎದುರಿನ ಸ್ಟೂಲಿನ ಮೇಲೆ ಕೂತಳು, ಹಿಡಿ ಮಡಿಲಲ್ಲಿ. ಸ್ವಲ್ಪ ಹೊತ್ತಿಗೆ ಹಿತ್ತಲ ಬಾಗಿಲ ಸಂದಿಯಿಂದ ಒಂದು ತೆಳ್ಳನೆಯ ನೀರಿನ ನಾಲಿಗೆ ಒಳಗೆ ಬಂದು, ನೆಲ ಸುತ್ತಿ ನೋಡಿ, ಬೂಟಿನವನ ಬೂಟು ಮುಟ್ಟಿತು. ಅವನು ಕಾಲೆತ್ತಿಕೊಂಡ.

"ಇದೇನಿದು?" ಎಂದಳು ಇಂಜಿನಿಯರಮ್ಮ.

"ದಾಖಲೆ ಕೇಳಿದ್ರಲ್ಲ. ತೂಬು ತೆಗೆದು ಬಂದಿದೀನಿ. ಸಮುದ್ರಕ್ಕೆ ಅಂಕಿ ಓದೋಕೆ ಬರಲ್ಲ, ತಗ್ಗು ಎಲ್ಲಿದೆಯೋ ಅಲ್ಲಿಗೆ ಬರುತ್ತೆ. ಬೇರೆ ಯಾರ ಮನೆಗೂ ಇನ್ನೂ ಹೋಗಿಲ್ಲ, ಬೇಕಾದ್ರೆ ನೋಡಿ ಬನ್ನಿ. ಮೊದಲು ಇಲ್ಲಿಗೆ ಬಂದಿದೆ. ಇದೇ ನಿಮ್ಮ ನಕ್ಷೆಯಲ್ಲಿ ಎಲ್ಲಕ್ಕಿಂತ ಎತ್ತರದ ಮನೆ."

ನೀರು ಪಾದ ಮುಳುಗಿಸಿತು. ಇಂಜಿನಿಯರಮ್ಮ ಎದ್ದು ಬಾಗಿಲಿಗೆ ಹೋಗಿ ಹೊರಗೆ ನೋಡಿದಳು. ಅಂಗಳದಲ್ಲಿ ಕೇರಿಯವರು ಸೇರಿದ್ದರು. ಅಣ್ಣ ಎಲ್ಲರನ್ನೂ ತಳ್ಳಿಕೊಂಡು ನೀರಿನಲ್ಲಿ ಓಡಿ ಬಂದ.

"ಹಿಡಿ ಕೊಡು," ಎಂದ. "ಅಜ್ಜಿ ಮನೆಗೆ ನೀರು ಬಿಟ್ಟೆಯಲ್ಲೇ. ಕೊಡು ಹಿಡಿ."

ಅವಳು ಎದ್ದು ಎರಡು ಕೈಯಿಂದ ಹಿಡಿ ಕೊಟ್ಟಳು. "ತಗೋ. ಕಟ್ಟಳೆ ಪ್ರಕಾರ ಇನ್ನು ನಿನ್ನದೇ, ನನ್ನದು ಬಿಟ್ರೆ ನಿನ್ನ ಎಂಟು ಗೇಣಿನ ಮನೆಯೇ ತಗ್ಗು. ಓಡಿಹೋಗಿ ಮುಚ್ಚು. ಇನ್ನೊಂದು ಗೇಣು ಬಂದ್ರೆ ನಿನ್ನ ಹೊಸ ಕೋಣೆ."

ಅಣ್ಣ ಹಿಡಿ ತಗೊಂಡು ತಿರುಗಿದ. ಬಾಗಿಲಲ್ಲಿ ಇಂಜಿನಿಯರಮ್ಮ ನಿಂತಿದ್ದಳು. "ನೀವು ಇವರ ಅಣ್ಣನಾ? ಈ ಗೆರೆ ಏನು, ನೀವು ಹೇಳಿ" ಎಂದಳು. ಇಲ್ಲ ಎನ್ನುವುದಕ್ಕೆ ಅವನಿಗೆ ಅದೊಂದೇ ಗಳಿಗೆ ಇತ್ತು. ತೂಬಕ್ಕನಿಗೂ ಅದು ಗೊತ್ತಿತ್ತು, ಅವಳು ಅಣ್ಣನ ಮುಖ ನೋಡಲಿಲ್ಲ. ಅವನು ತಂಗಿಯ ಒದ್ದೆ ಸೀರೆಯಂಚು ನೋಡಿದ, ಖಾಲಿ ಮನೆ ನೋಡಿದ, ತಲೆಯೆತ್ತಿ ಕಂಬ ನೋಡಿದ. ಗೆರೆಯ ಮೇಲೆ ಕೈಯಿಟ್ಟು ಕೆಳಕ್ಕೆ ಗೇಣು ಹಾಕುತ್ತಾ ಬಂದ. ಒಂದು, ಎರಡು, ಮೂರು. ಬಗ್ಗಿ ಬಗ್ಗಿ, ಕೊನೆಯ ಗೇಣನ್ನು ನೀರಿನೊಳಗೆ ಕೈಯಿಟ್ಟು ಅಳೆದ.

"ಒಂಬತ್ತು," ಎಂದ. "ದೊಡ್ಡ ನೀರಲ್ಲಿ ಇಷ್ಟು ಮುಳುಗಿತ್ತು ಮೇಡಂ. ನಮ್ಮಪ್ಪ ಹೇಳ್ತಿದ್ರು. ನನ್ನ ತಂಗಿ ಸುಳ್ಳು ಹೇಳಲ್ಲ." ಆಮೇಲೆ ತೂಬಿನ ಕಡೆಗೆ ಓಡಿದ.

ನಕ್ಷೆ ತಿದ್ದಲು ಏಳು ತಿಂಗಳು ಹಿಡಿಯಿತು. ಬೂಟಿನವನೇ ಬಂದ, ಈ ಸಲ ಬರಿಗಾಲಿನಲ್ಲಿ, ಎಪ್ಪತ್ತೊಂದು ಮನೆಗೂ ಹೊಕ್ಕ. ಏರಿ ದಂಡೆಕೇರಿಯ ಸುತ್ತ ಬಂತು, ಕೆಂಪು ಹಿಂಗೇರಿಗೆ. ಕೇರಿಯವರು ಕೆಲವರು ತೂಬಕ್ಕನನ್ನು ಮಾತಾಡಿಸುವುದು ಬಿಟ್ಟರು. ಬೈದವರೂ ಇದ್ದರು. ಅವಳು ಕೇಳಿಸಿಕೊಂಡಳು, ನಾಲಿಗೆ ಹರಿತವಾಗಿದ್ದರೂ ಆ ದಿನಗಳಲ್ಲಿ ಒಬ್ಬರಿಗೂ ಎದುರಾಡಲಿಲ್ಲ. ಬಯಲಿಗೆ ಹೋಗುವ ಪಟ್ಟಿಗೆ ಹೆಸರು ಬರೆಸುವ ದಿನ ಬಲೆಯಜ್ಜಿ ಕೋಲೂರಿಕೊಂಡು ಹಿಂಗೇರಿಗೆ ಇಳಿದು ಬಂದಳು. ಎಂಬತ್ತು ವರ್ಷದಲ್ಲಿ ಅವಳು ಅಲ್ಲಿಗೆ ಬಂದದ್ದು ಅದೇ ಮೊದಲು.

"ಬಲೆ ಒಣಗಿಸೋ ಜಾಗದಲ್ಲಿ ಇಪ್ಪತ್ತು ಮನೆ ಹಿಡಿಸುತ್ತೆ," ಎಂದಳು. "ಮಿಕ್ಕ ಹತ್ತು ನಮ್ಮ ಹಿತ್ತಲುಗಳಲ್ಲಿ. ಕೇರಿಯೋರನ್ನೆಲ್ಲ ಒಪ್ಪಿಸಿ ಬಂದಿದೀನಿ. ಬಲೆ ಏರಿ ಮೇಲೆ ಒಣಗುತ್ತೆ. ಏನೇ, ಬಾಯಿ ಬಿಡ್ಕೊಂಡು ನೋಡ್ತೀಯ, ಬರ್ತೀರೋ ಇಲ್ವೋ?"

ತೂಬಕ್ಕ ಮುದುಕಿಯ ಭುಜಕ್ಕೆ ಮುಖವಿಟ್ಟು ಗಳಗಳನೆ ಅತ್ತುಬಿಟ್ಟಳು.

ಕೊನೆಯ ಸಾಮಾನು ಹೋದ ದಿನ, ಮಧ್ಯಾಹ್ನದ ಉಬ್ಬರಕ್ಕೆ ತೂಬು ತೆಗೆದಿಡಬೇಕು ಎಂದು ಸರ್ಕಾರದಿಂದ ಹೇಳಿಕೆ ಬಂದಿತ್ತು. ಇನ್ನು ಮುಚ್ಚುವ ಅಗತ್ಯವಿಲ್ಲ. ಹಿಡಿ ಅಣ್ಣನ ಕೈಯಲ್ಲಿತ್ತು. ಇಬ್ಬರೂ ಏರಿಯ ಮೇಲೆ ನಿಂತರು. ಅಣ್ಣ ಚಕ್ರಕ್ಕೆ ಹಿಡಿ ಸಿಕ್ಕಿಸಿದ, ತೆಗೆದ, ಮತ್ತೆ ಸಿಕ್ಕಿಸಿದ. ಕೊನೆಗೆ ತಂಗಿಯ ಕಡೆಗೆ ಚಾಚಿದ.

"ನನ್ನ ಕೈಲಿ ಆಗಲ್ಲ ಕಣೆ. ನೀನೇ ತೆಗಿ. ನಿನಗಾದ್ರೆ ಒಂದ್ಸಲ ತೆಗೆದು ಅಭ್ಯಾಸ ಇದೆ."

ಎಂಟು ತಿಂಗಳಲ್ಲಿ ಅವನು ಅವಳ ಜೊತೆ ತಮಾಷೆ ಮಾಡಿದ್ದು ಅದೇ ಮೊದಲು. "ಕಟ್ಟಳೆ ಇದೆಯಲ್ಲ," ಎಂದಳು ತೂಬಕ್ಕ. "ಈ ಕೈಗೆ ಹಿಡಿ ಬರೋ ಹಾಗಿಲ್ಲ."

"ಹಾಗಾದ್ರೆ ನಾನು ಹಿಡ್ಕೋತೀನಿ. ನೀನು ತಿರುಗಿಸು."

ಅವನ ಕೈಯ ಮೇಲೆ ಅವಳು ಕೈಯಿಟ್ಟಳು. ಹಲಗೆ ಪೂರ್ತಿ ಮೇಲೆ ಬರುವವರೆಗೆ ಇಬ್ಬರೂ ಸೇರಿ ತಿರುಗಿಸಿದರು. ನೀರು ಕೇರಿಯ ಕಾಲುವೆ ತುಂಬಿ, ದಾರಿ ಗೊತ್ತಿದ್ದಂತೆ ನೇರ ಅಜ್ಜಿಯ ಮನೆಯ ಹಿತ್ತಲಿಗೆ ಹೋಯಿತು.

"ನಿನ್ನ ಮನೆ ಮೊದಲು," ಎಂದ ಅಣ್ಣ.

"ಯಾವಾಗಲೂ ನಂದೇ ಮೊದಲು," ಎಂದಳು ತೂಬಕ್ಕ.

ದಂಡೆಯ ಕಡೆಯಿಂದ ಅತ್ತಿಗೆ ಊಟಕ್ಕೆ ಕೂಗುತ್ತಿದ್ದಳು. ಇಬ್ಬರಿಗೂ ಕೇಳಿಸಿತು. ಆದರೂ ನೀರು ಎಂಟು ಗೇಣಿನ ಮನೆಯ ಹೊಸ ಕೋಣೆಯೊಳಗೆ ಹೋಗುವವರೆಗೂ ಅವರು ಅಲ್ಲೇ ನಿಂತಿದ್ದರು.